ಪದೇ ಪದೇ ಬೀಳುವ ಮಗು ಡಾಕ್ಟರ ಮುಂದೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂಟಿಮನೆಗಳ ಮಕ್ಕಳಿಗೆ ಆಟವಾಡಲು ಅಂಗಳವೊಂದೇ ಸಾಲದು. ಕೊಟ್ಟಿಗೆ, ಅಟ್ಟ, ಪಾಚಿ ಹಿಡಿದ ಮೆಟ್ಟಿಲು, ತೋಟದ ಕಾಲುಸಂಕ ಎಲ್ಲವೂ ಬೇಕು. ಚುರುಕಿನ ಮಗುವಾದರೆ ಮೊಣಕಾಲಿನ ಒಂದು ಗಾಯ ಒಣಗುವ ಮೊದಲೇ ಇನ್ನೊಂದು. ಇಂಥ ಮಗುವನ್ನು ಜ್ವರ, ಕೆಮ್ಮು ಇಲ್ಲದ ದಿನವೂ ವೈದ್ಯರಿಗೆ ತೋರಿಸಬೇಕು. ನಿಜವಾದ ತಪಾಸಣೆ ನಡೆಯುವುದು ಅಂಥ ದಿನವೇ.

ಡಾಕ್ಟರ ಕೋಣೆಯಲ್ಲಿ ಮಗು ಕುರ್ಚಿ ಹತ್ತಿ ಇಳಿಯುತ್ತಿದ್ದರೆ ತಾಯಿಗೆ ಮುಜುಗರ. 'ಒಂದ್ ಗಳಿಗೆ ಸುಮ್ನೆ ಕೂರೋದಿಲ್ಲ ಡಾಕ್ಟ್ರೇ' ಎನ್ನುತ್ತ ರಟ್ಟೆ ಹಿಡಿದು ಕೂರಿಸುತ್ತಾಳೆ. ಬೇಡ, ಬಿಟ್ಟುಬಿಡಿ. ಸ್ಟೆತೊಸ್ಕೋಪ್ ತಿಳಿಸದ ಎಷ್ಟೋ ಸಂಗತಿಗಳನ್ನು ಆ ಓಡಾಟ ತಿಳಿಸುತ್ತದೆ. ಮೂರು ವರ್ಷದ ಹೊತ್ತಿಗೆ ಮಗು ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಹತ್ತಬೇಕು, ನಾಲ್ಕರ ಹೊತ್ತಿಗೆ ಒಂಟಿಕಾಲಲ್ಲಿ ಕುಪ್ಪಳಿಸಬೇಕು. ನೆಲದಿಂದ ಏಳುವಾಗ ತನ್ನದೇ ತೊಡೆಯ ಮೇಲೆ ಕೈಯೂರಿ ಮೇಲೇರುವ ಗಂಡುಮಗುವನ್ನು ವೈದ್ಯರು ಇನ್ನೊಮ್ಮೆ ಗಮನಿಸುತ್ತಾರೆ. ಗೋವರ್ಸ್ ಲಕ್ಷಣವೆಂದು ಕರೆಯುವ ಇದು ಸೊಂಟದ ಸುತ್ತಲಿನ ಸ್ನಾಯುಗಳು ಸೋತಿರುವುದರ ಗುರುತು. ಮೀನಖಂಡವೂ ದಪ್ಪಗಿದ್ದು ಬೀಳುವುದು ಹೆಚ್ಚುತ್ತಿದ್ದರೆ ಡುಶೆನ್ ಸ್ನಾಯುಕ್ಷಯದ ಅನುಮಾನ ಬರುತ್ತದೆ. ಇದು ಅಪರೂಪದ ಕಾಯಿಲೆ. ಆದರೂ 'ಪುಂಡ, ಬೀಳ್ತಾ ಇರ್ತಾನೆ' ಎಂಬ ಮಾತಿನಡಿ ವರ್ಷಗಟ್ಟಲೆ ಮುಚ್ಚಿಹೋಗಬಲ್ಲದು.

ಇದಕ್ಕಿಂತ ಸಾಮಾನ್ಯವಾದದ್ದು ಕಣ್ಣಿನ ದೋಷ. ಒಂದು ಕಣ್ಣು ಮಂಜಾದ ಮಗು ಅದನ್ನು ಹೇಳುವುದಿಲ್ಲ, ಲೋಕ ಹೀಗೇ ಇದೆ ಎಂದುಕೊಂಡು ಹೊಸ್ತಿಲಿಗೆ ಎಡವುತ್ತಿರುತ್ತದೆ. ಹೀಗೆ ನೋಟ ಬೆಳೆಯದೆ ಹಿಂದುಳಿದ ‘ಸೋಮಾರಿ ಕಣ್ಣಿ’ಗೆ ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಹೆಚ್ಚು.

ಇನ್ನು ಗಾಯದ ಗುರುತುಗಳು. ಓಡಾಡುವ ಮಗುವಿನ ಮೊಣಕಾಲು, ಕಣಕಾಲು, ಹಣೆಯ ಮೇಲಿನ ನೀಲಿಕಲೆ ಸಹಜ. ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನಿನ ಮೇಲೆ ಕಂಡರೆ, ಇಲ್ಲವೇ ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಕಂಡರೆ ವೈದ್ಯರು ಕಾರಣ ಕೇಳಲೇಬೇಕು. ರಕ್ತ ಹೆಪ್ಪುಗಟ್ಟದ ಕಾಯಿಲೆ ಇರಬಹುದು, ಯಾರೋ ಹೊಡೆದಿರಲೂಬಹುದು. ಆ ಪ್ರಶ್ನೆಗೆ ಮನೆಯವರು ಸಿಟ್ಟಾಗಬಾರದು. ಬಿದ್ದಾಗ ಮೂಳೆಗೂ ಪೆಟ್ಟಾಗಿರಬಹುದು. ಎಳೆಯ ಮೂಳೆ ಹಸಿ ಕಡ್ಡಿಯಂತೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗುತ್ತದೆ. ಊತ ಕಡಿಮೆಯಿದ್ದರೂ ಮಗು ಕೈ ಬಳಸದಿದ್ದರೆ ಎಕ್ಸ್‌ರೇ ಬೇಕು. ಎಣ್ಣೆ ತಿಕ್ಕಿ ಕಾಯುವುದು ತಪ್ಪು.

ನಮ್ಮ ಕಡೆಯ ಗಾಯಕ್ಕೆ ಇನ್ನೊಂದು ಅಪಾಯವಿದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಕೊಟ್ಟಿಗೆಯ ಮೊಳೆ ಚುಚ್ಚಿದ ಆಳದ ಗಾಯದಲ್ಲಿ ಗಾಳಿಯಾಡುವುದಿಲ್ಲ, ಅವು ಚಿಗುರಲು ಅದೇ ತಕ್ಕ ಜಾಗ. ಹುಟ್ಟಿದ 6, 10, 14 ವಾರಕ್ಕೆ ಹಾಕಿಸಿದ ಲಸಿಕೆಯ ಬಲ ಮುಂದುವರಿಯಲು 16-24 ತಿಂಗಳಿಗೆ, 5-6 ವರ್ಷಕ್ಕೆ, ಆಮೇಲೆ 10 ಮತ್ತು 16ನೇ ವರ್ಷಕ್ಕೆ ಮತ್ತೆ ಹಾಕಿಸಬೇಕು. ಶಾಲೆಗೆ ಸೇರಿದ ಮೇಲೆ ಮರೆತುಹೋಗುವ ಚುಚ್ಚುಮದ್ದುಗಳೇ ಇವು. ಸಿದ್ದಾಪುರದ ಕಾಡಂಚಿನವರು ಬೇಸಿಗೆಯಲ್ಲಿ ಮಗುವಿನ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದೂ ನೋಡಬೇಕು. ಮಂಗನ ಕಾಯಿಲೆ ಹರಡುವುದು ಅದರಿಂದಲೇ.

'ಇವನಿಗೆ ಎಡಿಎಚ್‌ಡಿ ಇದೆಯೇ?' ಎಂದು ಈಗ ಹಲವರು ಕೇಳುತ್ತಾರೆ. ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಅದು. ಚಟುವಟಿಕೆ ಹೆಚ್ಚೆಂಬ ಒಂದೇ ಕಾರಣಕ್ಕೆ ಆ ಹೆಸರು ಹಚ್ಚಲಾಗದು. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿ, ಆರು ತಿಂಗಳಾದರೂ ಉಳಿದು, ಮನೆ ಶಾಲೆ ಎರಡೂ ಕಡೆ ಕಾಣಬೇಕು. ಹಾಗಾಗಿ ಶಿಕ್ಷಕರ ಮಾತನ್ನೂ ವೈದ್ಯರಿಗೆ ತಲುಪಿಸಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ದೊಡ್ಡ ಆಸ್ಪತ್ರೆಗೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್ ಹೋಗಬೇಕಾದವರಿಗೆ ಬೇಗ ಪತ್ತೆಯಾಗುವುದೇ ದೊಡ್ಡ ನೆರವು. ಹೋಗುವಾಗ ತಾಯಿ ಕಾರ್ಡ್ ಒಯ್ಯಿರಿ. ಮಗು ಯಾವಾಗ, ಎಲ್ಲಿ, ಹೇಗೆ ಬಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಲೆಗೆ ಪೆಟ್ಟಾದ ಮೇಲೆ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಫಿಟ್ಸ್ ಬಂದರೆ ಮಾತ್ರ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.