ಕಾಣದ ಗುಣ, ಕಾಣುವ ಕುರುಹು: ಒಂದು ಲೆಕ್ಕಾಚಾರದ ತಂತ್ರಾಂಶ

ವಿದ್ಯಾರ್ಥಿಯ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಬಹುದು. ಓದಿನಲ್ಲಿ ಅವನಿಗಿರುವ ಆಸಕ್ತಿಯನ್ನು ಅಳೆಯುವ ಪಟ್ಟಿ ಯಾವುದು? ಆಸಕ್ತಿ ಅಂತರಂಗದ ವಿಷಯ. ಪಾಠ ಮುಗಿದ ಮೇಲೂ ಪುಸ್ತಕ ತೆರೆಯುವುದು, ಪ್ರಶ್ನೆ ಕೇಳುವುದು, ಗ್ರಂಥಾಲಯಕ್ಕೆ ಹೋಗುವುದು ಇವೆಲ್ಲ ಅದರ ಕುರುಹುಗಳು ಮಾತ್ರ. ಇಂತಹ ಕುರುಹುಗಳ ಮೂಲಕ ಕಾಣದ ಗುಣಗಳನ್ನು ಅಂದಾಜು ಮಾಡಿ, ಅವುಗಳ ನಡುವಣ ಸಂಬಂಧವನ್ನು ಲೆಕ್ಕ ಹಾಕುವ ವಿಧಾನಕ್ಕೆ ‘ಸ್ಟ್ರಕ್ಚರಲ್ ಈಕ್ವೇಶನ್ ಮಾಡೆಲಿಂಗ್’ ಎನ್ನುತ್ತಾರೆ. ಶಿಕ್ಷಣ, ಮನಃಶಾಸ್ತ್ರ, ನಿರ್ವಹಣಾಶಾಸ್ತ್ರಗಳಲ್ಲಿ ಸಂಶೋಧನೆ ನಡೆಸುವವರಿಗೆ ಇದು ಪರಿಚಿತ.

ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ ಅವರು ಗಿನಿ ಇಲಿಗಳ ಅಧ್ಯಯನದಲ್ಲಿ ತೊಡಗಿದ್ದಾಗ, ಕಾರಣದಿಂದ ಪರಿಣಾಮಕ್ಕೆ ಬಾಣ ಎಳೆದು ಪ್ರತಿ ಬಾಣದ ಬಲವನ್ನು ಸಂಖ್ಯೆಯಲ್ಲಿ ಹೇಳುವ ಪದ್ಧತಿಯನ್ನು ರೂಪಿಸಿ, 1921ರ ಲೇಖನವೊಂದರಲ್ಲಿ ವಿವರಿಸಿದರು. 1970ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ಯೋರೆಸ್ಕೋಗ್ ಅವರು ಈ ಬಾಣಗಳನ್ನೂ ಕುರುಹುಗಳಿಂದ ಗುಣವನ್ನು ಅಳೆಯುವ ಕ್ರಮವನ್ನೂ ಒಂದುಗೂಡಿಸಿ ‘ಲಿಸ್ರೆಲ್’ ತಂತ್ರಾಂಶವನ್ನು ಬೆಳೆಸಿದರು. ಅದರ ಗ್ರೀಕ್ ಅಕ್ಷರಗಳಿಗೆ ಅಂಜಿದವರಿಗೆ, ತೆರೆಯ ಮೇಲೆ ಚಿತ್ರ ಬರೆದರೆ ಸಾಕೆನ್ನುವ ‘ಏಮೋಸ್’ ಬಂದಿತು. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದ ಇವ್ ರೊಸೀಲ್ ಅವರ ‘ಲವಾನ್’ ಉಚಿತವಾಗಿ ದೊರೆಯುತ್ತದೆ. ಹಣವಿಲ್ಲದ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರವೆಂದೇ ನನ್ನ ಭಾವನೆ.

ಆದರೆ ಈ ತಂತ್ರಾಂಶ ಮಾಡುವುದೇನೆಂಬುದನ್ನು ಸ್ಪಷ್ಟವಾಗಿ ಅರಿಯಬೇಕು. ನಾವು ಬರೆದ ಬಾಣಗಳು ನಿಜವಾಗಿದ್ದರೆ ಕುರುಹುಗಳು ಒಂದರೊಡನೊಂದು ಹೇಗೆ ಏರಿಳಿಯಬೇಕೆಂದು ಅದು ಲೆಕ್ಕ ಹಾಕುತ್ತದೆ. ಸಂಗ್ರಹಿಸಿದ ಮಾಹಿತಿಯಲ್ಲಿ ಅವು ನಿಜಕ್ಕೂ ಏರಿಳಿದ ರೀತಿಯೊಡನೆ ಅದನ್ನು ಹೋಲಿಸುತ್ತದೆ. ಎರಡೂ ಹತ್ತಿರವಾದರೆ ‘ಹೊಂದಿಕೆ ಉತ್ತಮ’ ಎನ್ನುತ್ತದೆ. ಅಷ್ಟೇ.

ಆಸಕ್ತಿಯಿಂದ ಆತ್ಮವಿಶ್ವಾಸ ಬೆಳೆಯುತ್ತದೆಂದು ಒಬ್ಬರು ಬಾಣ ಎಳೆಯುತ್ತಾರೆ. ಆತ್ಮವಿಶ್ವಾಸದಿಂದ ಆಸಕ್ತಿ ಹುಟ್ಟುತ್ತದೆಂದು ಮತ್ತೊಬ್ಬರು ಅದೇ ಬಾಣವನ್ನು ತಿರುಗಿಸುತ್ತಾರೆ. ಈ ಎರಡೇ ಗುಣಗಳಿರುವ ಮಾದರಿಯಲ್ಲಿ ತಂತ್ರಾಂಶವು ಇಬ್ಬರಿಗೂ ಒಂದೇ ಅಂಕ ಕೊಡುತ್ತದೆ! ಕಾರಣ ಯಾವುದು, ಪರಿಣಾಮ ಯಾವುದು ಎಂಬ ನಿರ್ಣಯ ಗಣಕಯಂತ್ರದ್ದಲ್ಲ. ಅದಕ್ಕೆ ವಿಷಯಜ್ಞಾನ ಬೇಕು, ಕಾಲಾನುಕ್ರಮದ ಅವಲೋಕನ ಬೇಕು, ಸಾಧ್ಯವಿದ್ದಲ್ಲಿ ಪ್ರಯೋಗವೂ ಬೇಕು. ಶಾಲೆಯ ಯೋಜನೆಯೊಂದು ಇಂತಹ ಅಧ್ಯಯನವನ್ನು ನೆಚ್ಚಿ ನಿಂತರೆ, ತಪ್ಪು ದಿಕ್ಕಿನ ಬಾಣದ ಫಲವನ್ನು ಅನುಭವಿಸುವವರು ಮಕ್ಕಳು.

ಇನ್ನೊಂದು ಆಮಿಷವೂ ಇದೆ. ಹೊಂದಿಕೆ ಸಾಲದಿದ್ದಾಗ, ಎಲ್ಲಿ ಹೊಸ ಬಾಣ ಸೇರಿಸಿದರೆ ಅಂಕ ಸುಧಾರಿಸುವುದೆಂದು ಕೇಳಿದರೆ ತಂತ್ರಾಂಶವೇ ಪಟ್ಟಿ ಕೊಡುತ್ತದೆ. ಅದರಂತೆ ಸೇರಿಸುತ್ತ ಹೋದರೆ ಚಿತ್ರವು ಆ ಒಂದು ಗುಂಪಿನ ಆಕಸ್ಮಿಕಗಳಿಗೆ ಹೊಲಿದ ಅಂಗಿಯಾಗುತ್ತದೆ, ಬೇರೆಯವರ ಮೈಗೆ ಹಿಡಿಸುವುದಿಲ್ಲ. ಆದುದರಿಂದ ಎಚ್ಚರವುಳ್ಳ ಸಂಶೋಧಕರು, ಮಾಹಿತಿ ಸಾಕಷ್ಟಿದ್ದಾಗ, ಅದರ ಅರ್ಧವನ್ನು ಮೊದಲೇ ಬದಿಗಿಟ್ಟು, ತಿದ್ದಿದ ಮಾದರಿಯನ್ನು ಆ ಅರ್ಧದ ಮೇಲೆ ಪರೀಕ್ಷಿಸುತ್ತಾರೆ.