ವಿಮಾನದಲ್ಲಿ ಮೋಟಾರು ಗಾಡಿಯ ಎಂಜಿನ್ನು

ಆಡೂರಿನಿಂದ ಹಾನಗಲ್ಲಿಗೆ ಹೊರಟ ಮೋಟಾರು ಗಾಡಿಯು ನಡುದಾರಿಯಲ್ಲಿ ಕೆಟ್ಟರೆ ಅದನ್ನು ಬದಿಗೆ ತಳ್ಳಿ ಮಿಸ್ತ್ರಿಯನ್ನು ಕರೆಸಬಹುದು. ಆಕಾಶಮಾರ್ಗದಲ್ಲಿ ಈ ಅವಕಾಶವಿಲ್ಲ. ಆದರೂ ಸ್ವಂತ ಕೈಯಿಂದ ವಿಮಾನವನ್ನು ಕಟ್ಟುವ ಹವ್ಯಾಸಿಗಳು, ಬೆಲೆ ಕಡಿಮೆಯೆಂಬ ಕಾರಣದಿಂದ, ಗಾಡಿಯ ಎಂಜಿನ್ನನ್ನೇ ಅದಕ್ಕೆ ಅಳವಡಿಸುವುದುಂಟು. ಅಮೆರಿಕದ ಬರ್ನಾರ್ಡ್ ಪೀಟನ್‌ಪೋಲ್ ಎಂಬವರು 1929ರಲ್ಲಿಯೇ ಫೋರ್ಡ್ ಕಂಪನಿಯ ‘ಎ’ ಮಾದರಿಯ ಎಂಜಿನ್ನಿನಿಂದ ವಿಮಾನವನ್ನು ಹಾರಿಸಿದರು. ಅದರ ಶಕ್ತಿ ಸುಮಾರು 40 ಅಶ್ವಶಕ್ತಿ.

ಗಾಡಿಯ ಎಂಜಿನ್ನು ಪೂರ್ಣಶಕ್ತಿಯಿಂದ ದುಡಿಯುವುದು ಅಪರೂಪ. ವಿಮಾನದ್ದಾದರೋ ಮುಕ್ಕಾಲು ಪಾಲು ಶಕ್ತಿಯಲ್ಲಿ ಗಂಟೆಗಟ್ಟಲೆ ನಡೆಯಬೇಕು. ಇದಕ್ಕಿಂತ ಸೂಕ್ಷ್ಮವಾದುದು ವೇಗದ ಪ್ರಶ್ನೆ. ಎಂಜಿನ್ನು ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗಿದಾಗ ಮಾತ್ರ ಪೂರ್ಣಶಕ್ತಿ ಕೊಡುವುದಾದರೆ, ಪ್ರೊಪೆಲರನ್ನು ನೇರವಾಗಿ ಜೋಡಿಸಲಾಗದು. ಅಲಗಿನ ತುದಿಯು ಶಬ್ದದ ವೇಗವನ್ನು ಸಮೀಪಿಸಿ ಶಕ್ತಿಯು ವ್ಯರ್ಥವಾಗುವುದು. ಆದುದರಿಂದ ನಡುವೆ ಹಲ್ಲುಚಕ್ರಗಳನ್ನಾಗಲಿ ಪಟ್ಟಿಯನ್ನಾಗಲಿ ಇಡಬೇಕು. ಅಪಾಯವೂ ಇಲ್ಲಿಯೇ ಅಡಗಿದೆ. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟಗಳಾಗುತ್ತವೆ. ಪ್ರತಿಯೊಂದೂ ದಂಡವನ್ನು ತಿರುಚುತ್ತದೆ. ಇದನ್ನು ತಿರುಚುಕಂಪನವೆನ್ನಬಹುದು. ‘ಕುಲುಕಾಟ’ವೆಂಬ ಮಾತು ಸಾಲದು, ಏಕೆಂದರೆ ದಂಡವು ಅತ್ತಿತ್ತ ಅಲುಗುವುದಿಲ್ಲ, ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಬಿಡಿಸಿಕೊಳ್ಳುತ್ತದೆ. ಈ ಸ್ಫೋಟಗಳ ಲಯವು ದಂಡ-ಪ್ರೊಪೆಲರುಗಳ ಸಹಜಲಯದೊಡನೆ ಕೂಡಿದರೆ ಅನುರಣನವುಂಟಾಗಿ, ಹಲ್ಲುಗಳು ಮುರಿಯುತ್ತವೆ ಅಥವಾ ದಂಡವೇ ತುಂಡಾಗುತ್ತದೆ. ಜೋಡಣೆಯಲ್ಲಿ ರಬ್ಬರನ್ನೋ ಸ್ಪ್ರಿಂಗನ್ನೋ ಇಟ್ಟು, ಆ ಲಯವನ್ನು ನಿತ್ಯದ ವೇಗದಿಂದ ದೂರ ಸರಿಸುವುದೇ ಪರಿಹಾರ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ-3’ ವಿಮಾನದಲ್ಲಿರುವ ಆಸ್ಟ್ರಿಯಾದ ರೋಟಾಕ್ಸ್ 914 ಎಂಜಿನ್ನು ಗಾಡಿಯದಲ್ಲ, ವಿಮಾನಕ್ಕೆಂದೇ ರಚಿತವಾದುದು. ಆದರೂ ಹೋಲಿಕೆಗೆ ತಕ್ಕುದು. ನಿಮಿಷಕ್ಕೆ 5800 ಸುತ್ತುಗಳವರೆಗೆ ತಿರುಗುವ ಅದರ ವೇಗವನ್ನು ಹಲ್ಲುಚಕ್ರಗಳು 2.43ರಲ್ಲಿ ಒಂದು ಪಾಲಿಗೆ ಇಳಿಸುತ್ತವೆ. ತಿರುಚಿನ ಆಘಾತವನ್ನು ನುಂಗುವ ಏರ್ಪಾಡು ಅಲ್ಲಿಯೇ ಇದೆ. ಕಿಡಿ ಹೊತ್ತಿಸುವ ವ್ಯವಸ್ಥೆಗಳು ಎರಡು, ಒಂದು ಕೆಟ್ಟರೂ ಇನ್ನೊಂದು ನಡೆಯುವುದು.

ಗಾಡಿಯಲ್ಲಿ ಇಂತಹ ಜೋಡಿಯಿಲ್ಲ. ಅದರ ಕಿಡಿಯೂ ಇಂಧನದ ಪಂಪೂ ಒಂದೇ ಬ್ಯಾಟರಿಯನ್ನು ನಂಬಿರುತ್ತವೆ. ಒಂದು ತಂತಿ ಕಳಚಿದರೆ ಸಾಕು, ಎಂಜಿನ್ನು ನಿಲ್ಲುವುದು. ಎರಡು ಬ್ಯಾಟರಿಗಳು, ಪ್ರತ್ಯೇಕವಾದ ತಂತಿದಾರಿಗಳು, ಎರಡು ಪಂಪುಗಳು ಅವಶ್ಯ. ನೀರಿನಿಂದ ತಂಪಾಗುವ ಎಂಜಿನ್ನಾದರೆ ರೇಡಿಯೇಟರನ್ನು ಮೇಲೇರುವ ಹೊತ್ತಿಗೆ ಲೆಕ್ಕ ಹಾಕಿ ಅಳೆಯಬೇಕು. ಆಗ ಶಕ್ತಿ ಹೆಚ್ಚು, ಎದುರುಗಾಳಿ ಕಡಿಮೆ. ಎಥನಾಲು ಬೆರೆತ ಪೆಟ್ರೋಲು ನೀರನ್ನು ಹೀರುವುದರಿಂದ ಟ್ಯಾಂಕು, ರಬ್ಬರು ಕೊಳವೆಗಳು ಅದಕ್ಕೆ ಒಗ್ಗುವಂತಿವೆಯೇ ಎಂದೂ ನೋಡತಕ್ಕುದು. ಇಷ್ಟನ್ನೂ ಕೂಡಿಸಿದ ಮೇಲೆ ಬೆಲೆಯ ಉಳಿತಾಯವು ಮೊದಲು ಎಣಿಸಿದಷ್ಟು ಉಳಿಯುವುದಿಲ್ಲ.