ಜಲಕೃಷಿಯಲ್ಲಿ ಆಮ್ಲಕ್ಷಾರವಿಚಾರ

ಮಣ್ಣಿಲ್ಲದೆ, ಲವಣಮಿಶ್ರಿತ ಜಲದಲ್ಲಿಯೇ ನಾವು ಮಾಳಿಗೆಯ ಮೇಲೆ ಬೆಳೆಸಿದ್ದ ಪಾಲಕಿನ ಎಳೆಯೆಲೆಗಳು ಹಳದಿಯಾದುವು. ನರಗಳು ಮಾತ್ರ ಹಸುರಾಗಿದ್ದುವು. ಆಹಾರ ಸಾಲದೆಂದು ಬಗೆದು ಲವಣವನ್ನು ಹೆಚ್ಚಿಸಿದೆವು. ಬೇರಿನ ತುದಿಗಳೂ ಕಂದಿದುವು. ಕಡೆಗೆ ಪಿ.ಎಚ್. ಅಳೆಯಲಾಗಿ ೭.೮ ಇದ್ದಿತು! ನಮ್ಮ ಕೊಳವೆಬಾವಿಯ ನೀರು ಕ್ಷಾರಯುಕ್ತವಾದುದು. ಅದರಲ್ಲಿ ಕಬ್ಬಿಣವು ಕರಗಿ ನಿಲ್ಲದೆ ತಳಕ್ಕಿಳಿಯುವುದು. ಎಡೆಯಲ್ಲಿ ಬಡಿಸಿದ್ದರೂ ಉಣ್ಣಲಾರದವನ ಸ್ಥಿತಿ ಗಿಡಕ್ಕೆ. ಸೊಪ್ಪುಗಳಿಗೆ ೫.೫ರಿಂದ ೬.೫ ಹಿತವು. ೧೯೦೯ರಲ್ಲಿ ಡೆನ್ಮಾರ್ಕಿನ ರಸಾಯನಪಂಡಿತ ಸೋರೆನ್ಸೆನ್ನರು ರಚಿಸಿದ ಈ ಮಾನದಲ್ಲಿ ಒಂದಂಕದ ಅಂತರವೆಂದರೆ ಹತ್ತುಮಡಿ. ಆದುದರಿಂದ ಫಾಸ್ಫಾರಿಕ್ ಆಮ್ಲವನ್ನು ನೀರಿಗೆ ತೊಟ್ಟುತೊಟ್ಟಾಗಿ ಬೆರೆಸಿ, ಕಲಕಿ, ಮರಳಿ ಅಳೆಯಬೇಕು. ಆಮ್ಲಕ್ಕೆ ನೀರನ್ನೆಂದಿಗೂ ಹೊಯ್ಯಲಾಗದು. ಗಿಡಗಳು ನೈಟ್ರೇಟನ್ನು ಹೀರಿದಂತೆಲ್ಲ ಪಿ.ಎಚ್. ಪುನಃ ಏರುವುದು. ಈಗ ಪ್ರಾತಃಸ್ನಾನವಾದೊಡನೆ ಅದನ್ನಳೆಯುವುದೇ ನಮ್ಮ ಮೊದಲ ಕೆಲಸ. ಹಳದಿಯಾದ ಎಲೆಗಳನ್ನು ಕಿತ್ತೆಸೆದೆವು; ಹೊಸವು ಹಸುರಾಗಿಯೇ ಬರುತ್ತಿವೆ.